ಭಕ್ತ–ಭಗವಂತರ ಸಂಬಂಧ: ಪ್ಯೂರಿಟನ್ ದೈವಶಾಸ್ತ್ರವೂ ಕಲಬುರಗಿ ಪ್ರಾಂತದ ಶರಣಪರಂಪರೆಯೂ

೧

ಭಕ್ತನಿಗೂ ಭಗವಂತನಿಗೂ ಇರುವ ಸಂಬಂಧವೆಂಥದು, ಅದು ಹೇಗೆ ಏರ್ಪಡುತ್ತದೆ, ಏರ್ಪಟ್ಟಿತೆಂಬುದನ್ನು ಅರಿಯುವುದು ಹೇಗೆ ಎಂಬ ಪ್ರಶ್ನೆಗಳು ಕೇವಲ ಧರ್ಮಶಾಸ್ತ್ರಕ್ಕೆ ಸೇರಿದವೆಂದು ಇತಿಹಾಸದ ವಿದ್ಯಾರ್ಥಿಗಳು ಅವುಗಳನ್ನು ಬದಿಗಿಡುವುದುಂಟು. ಆದರೆ ಈ ಪ್ರಶ್ನೆಗಳಿಗೆ ದೊರೆತ ಉತ್ತರಗಳಿಂದಲೇ ಸಮಾಜಗಳು ಕಟ್ಟಲ್ಪಟ್ಟಿವೆ. ಯಾರು ಒಳಗಿನವರು, ಯಾರು ಹೊರಗಿನವರು ಎಂಬ ನಿರ್ಣಯ ನಡೆದಿದೆ. ದುಡಿಮೆಗೂ ಸಂಪತ್ತಿಗೂ ಬೆಲೆ ಕಟ್ಟಲಾಗಿದೆ. ಆದುದರಿಂದ ಇವು ಇತಿಹಾಸದ ಪ್ರಶ್ನೆಗಳೂ ಹೌದು.

ಪ್ರಕೃತ ಲೇಖನದಲ್ಲಿ ಎರಡು ಪರಂಪರೆಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಲಾಗಿದೆ. ಒಂದು, ೧೬ ಮತ್ತು ೧೭ನೆಯ ಶತಮಾನಗಳ ಇಂಗ್ಲೆಂಡು ಹಾಗೂ ಹೊಸ ಇಂಗ್ಲೆಂಡುಗಳ ಪ್ಯೂರಿಟನ್ ಪರಂಪರೆ. ಮತ್ತೊಂದು, ನಮ್ಮ ಕಲಬುರಗಿ ಪ್ರಾಂತದಲ್ಲಿಯೇ ಬೆಳೆದುಬಂದ ಶರಣಪರಂಪರೆ. ಎರಡನೆಯದಕ್ಕೆ ಜೇವರ್ಗಿಯ ಷಣ್ಮುಖಸ್ವಾಮಿಗಳನ್ನೂ, ಕಲಬುರಗಿಯ ಬ್ರಹ್ಮಪುರದಲ್ಲಿ ನೆಲೆಗೊಂಡ ಶರಣಬಸವೇಶ್ವರರನ್ನೂ ಮುಖ್ಯ ನಿದರ್ಶನವಾಗಿ ಆರಿಸಿಕೊಂಡಿದೆ. ಹನ್ನೆರಡನೆಯ ಶತಮಾನದ ಬಸವಾದಿ ಪ್ರಮಥರನ್ನು ಪಾಶ್ಚಾತ್ಯ ಸುಧಾರಕರೊಡನೆ ಹೋಲಿಸುವ ಪ್ರಯತ್ನಗಳು ಹಿಂದೆಯೇ ನಡೆದಿವೆ. ಆ ಹೋಲಿಕೆಗಳಲ್ಲಿ ನಾಲ್ಕು ಐದು ಶತಮಾನಗಳ ಅಂತರವನ್ನು ಮರೆಯುವ ಅಪಾಯವಿದೆ. ಷಣ್ಮುಖಸ್ವಾಮಿಗಳಾದರೋ ಪ್ಯೂರಿಟನ್ ಲೇಖಕರ ಸಮಕಾಲೀನರು. ಅವರ ಜೀವಿತಕಾಲವನ್ನು ಸಾಮಾನ್ಯವಾಗಿ ಕ್ರಿ. ಶ. ೧೬೩೯ರಿಂದ ೧೭೧೧ ಎಂದು ಹೇಳುತ್ತಾರೆ. ಜಾನ್ ಬನ್ಯನ್ನನ ಕಾಲ ೧೬೨೮ರಿಂದ ೧೬೮೮. ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಲುಪುವ ಸಂಭವವೇ ಇರಲಿಲ್ಲ. ಪ್ರಭಾವದ ಪ್ರಶ್ನೆ ಇಲ್ಲದೆಡೆಯಲ್ಲಿ ಸಾಮ್ಯವೂ ಭೇದವೂ ಹೆಚ್ಚು ಸ್ಪಷ್ಟವಾಗಿ ತೋರುತ್ತವೆ.

೨

'ಪ್ಯೂರಿಟನ್' ಎಂಬುದು ಮೊದಲಲ್ಲಿ ಹಳಿಯುವ ಮಾತು. ಎಲಿಜಬೆತ್ ರಾಣಿಯ ಕಾಲದಲ್ಲಿ, ೧೫೫೯ರ ಧಾರ್ಮಿಕ ವ್ಯವಸ್ಥೆಯಿಂದ ತೃಪ್ತರಾಗದೆ, ಇಂಗ್ಲೆಂಡಿನ ಚರ್ಚು ರೋಮನ್ ಪದ್ಧತಿಯ ಉಳಿಕೆಗಳಿಂದ ಇನ್ನೂ ಶುದ್ಧವಾಗಬೇಕೆಂದು ಹಟ ಹಿಡಿದವರನ್ನು ಎದುರಾಳಿಗಳು ಹಾಗೆ ಕರೆದರು. ಪಾದ್ರಿಯ ನಿಲುವಂಗಿ, ಶಿಲುಬೆಯ ಸಂಜ್ಞೆ, ಮೊಣಕಾಲೂರಿ ಪ್ರಭುಭೋಜನ ಸ್ವೀಕರಿಸುವ ಕ್ರಮ ಇವೆಲ್ಲ ಅವರಿಗೆ ಆಕ್ಷೇಪಾರ್ಹವಾಗಿದ್ದವು. ಆದರೆ ಬಾಹ್ಯಾಚಾರದ ಈ ಜಗಳದ ಹಿಂದೆ ಇದ್ದ ಮುಖ್ಯ ಕಾಳಜಿ ಬೇರೆ: ದೇವರಿಗೂ ಮನುಷ್ಯನ ಆತ್ಮಕ್ಕೂ ನಡುವೆ ದೇವರು ತಾನೇ ವಿಧಿಸದ ಯಾವುದೂ ನಿಲ್ಲಬಾರದು ಎಂಬುದು.

ಈ ಸಂಬಂಧವನ್ನು ಅವರು ವಿವರಿಸಿದುದು ಮುಖ್ಯವಾಗಿ 'ಒಡಂಬಡಿಕೆ'ಯ ಭಾಷೆಯಲ್ಲಿ. ಆದಿಪುರುಷನಾದ ಆದಾಮನೊಡನೆ ದೇವರು ಮಾಡಿಕೊಂಡದ್ದು ಕರ್ಮದ ಒಡಂಬಡಿಕೆ, ಅದು ಮುರಿಯಿತು. ಬಳಿಕ ಕ್ರಿಸ್ತನ ಮೂಲಕ ಮಾಡಿದ್ದು ಕೃಪೆಯ ಒಡಂಬಡಿಕೆ. ಇದರಲ್ಲಿ ಮನುಷ್ಯನ ಪಾಲಿಗೆ ಬಂದದ್ದು ನಂಬಿಕೆಯೊಂದೇ; ಆ ನಂಬಿಕೆಯೂ ದೇವರ ದಾನವೇ. ಕ್ಯಾಲ್ವಿನ್ನನ ಅನುಯಾಯಿಗಳಾದ ಇವರ ಮತದಂತೆ, ಯಾರಿಗೆ ಮುಕ್ತಿ ಎಂಬುದು ಸೃಷ್ಟಿಗೆ ಮುಂಚೆಯೇ ದೇವರ ಸಂಕಲ್ಪದಲ್ಲಿ ನಿರ್ಣಯವಾಗಿದೆ. ಕೇಂಬ್ರಿಜ್ಜಿನ ವಿಲಿಯಂ ಪರ್ಕಿನ್ಸ್ (೧೫೫೮–೧೬೦೨) ತನ್ನ 'ಚಿನ್ನದ ಸರಪಳಿ' ಎಂಬರ್ಥದ ಹೆಸರಿನ ಗ್ರಂಥದಲ್ಲಿ ಈ ಸಂಕಲ್ಪದಿಂದ ಮೊದಲ್ಗೊಂಡು ದೇವರ ಕರೆ, ನೀತಿವಂತನೆಂಬ ನಿರ್ಣಯ, ಪವಿತ್ರೀಕರಣ, ಕಡೆಗೆ ಮಹಿಮಾಪ್ರಾಪ್ತಿ ಎಂಬ ಕ್ರಮವನ್ನು ಕೊಂಡಿಗೆ ಕೊಂಡಿ ಸೇರಿಸಿ ನಿರೂಪಿಸಿದನು. ಓದಬಾರದವರೂ ಕಣ್ಣಿನಿಂದ ಕಂಡು ತಿಳಿಯಲೆಂದು ಅದಕ್ಕೊಂದು ರೇಖಾಪಟವನ್ನೂ ಸೇರಿಸಿದನು.

ಸರಪಳಿ ಭದ್ರವಾದದ್ದೇ. ಆದರೆ ತಾನು ಆ ಸರಪಳಿಯಲ್ಲಿ ಸೇರಿದ್ದೇನೆಯೇ ಎಂದು ಭಕ್ತನು ಅರಿಯುವ ಬಗೆ ಯಾವುದು? ಪ್ಯೂರಿಟನ್ ಧರ್ಮಜೀವನದ ಒಳಕುದಿಯೆಲ್ಲ ಇಲ್ಲಿದೆ. ದೇವರ ಸಂಕಲ್ಪ ಅಗೋಚರ. ತನ್ನ ಮನಸ್ಸೊಂದೇ ಪರೀಕ್ಷೆಗೆ ಸಿಗುವಂಥದು. ಆದುದರಿಂದ ಅವರು ದಿನಚರಿಗಳನ್ನು ಬರೆದರು, ಪಾಪಗಳ ಲೆಕ್ಕವಿಟ್ಟರು, ಪ್ರಾರ್ಥನೆಯಲ್ಲಿ ಮನಸ್ಸು ಕರಗಿತೋ ಇಲ್ಲವೋ ಎಂದು ಶೋಧಿಸಿದರು. ಬನ್ಯನ್ನನು ಬೆಡ್‌ಫರ್ಡಿನ ಸೆರೆಮನೆಯಲ್ಲಿದ್ದಾಗ ೧೬೬೬ರಲ್ಲಿ ಪ್ರಕಟಿಸಿದ ಆತ್ಮವೃತ್ತಾಂತವು ವರ್ಷಗಟ್ಟಲೆ ಭರವಸೆಗೂ ಹತಾಶೆಗೂ ನಡುವೆ ತೂಗಾಡಿದ ಮನಸ್ಸಿನ ದಾಖಲೆಯಾಗಿದೆ.

ಪ್ಯೂರಿಟನ್ನರು ಭಯವನ್ನು ಮಾತ್ರ ಬೋಧಿಸಿದರೆಂಬ ಗ್ರಹಿಕೆ ಪ್ರಚಾರದಲ್ಲಿದೆ. ಅದು ಸರಿಯಲ್ಲ. ರಿಚರ್ಡ್ ಸಿಬ್ಸ್ (೧೫೭೭–೧೬೩೫) ದುರ್ಬಲ ಮನಸ್ಸಿನವರನ್ನು ದೇವರು ಮುರಿಯುವುದಿಲ್ಲವೆಂದು ಸಂತೈಸಿದ ಬೋಧಕನೆಂದೇ ಹೆಸರಾದವನು. ಜಾನ್ ಓವೆನ್ (೧೬೧೬–೧೬೮೩) ದೇವರೊಡನೆ ಭಕ್ತನ ಸಹವಾಸವನ್ನು ಕುರಿತು ೧೬೫೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಸಂಬಂಧವನ್ನು ಪರಸ್ಪರ ಕೊಟ್ಟುಕೊಳ್ಳುವ ವ್ಯವಹಾರವಾಗಿ ನಿರೂಪಿಸುತ್ತಾನೆ: ತಂದೆಯಿಂದ ಪ್ರೀತಿ, ಮಗನಿಂದ ಕೃಪೆ, ಪವಿತ್ರಾತ್ಮನಿಂದ ಸಾಂತ್ವನ; ಇವುಗಳಿಗೆ ಭಕ್ತನ ಕಡೆಯಿಂದ ತಕ್ಕ ಮಾರುತ್ತರ. ವೆಸ್ಟ್‌ಮಿನ್‌ಸ್ಟರ್ ಸಭೆ ೧೬೪೭ರಲ್ಲಿ ಸಿದ್ಧಪಡಿಸಿದ ಸಂಕ್ಷಿಪ್ತ ಪ್ರಶ್ನೋತ್ತರಿಯೂ ದೇವರನ್ನು ಮಹಿಮೆಪಡಿಸುವುದರ ಜೊತೆಗೆ ಅವನಲ್ಲಿ ನಿತ್ಯವೂ ಆನಂದಿಸುವುದನ್ನು ಮಾನವಜನ್ಮದ ಗುರಿಯಾಗಿ ಹೇಳುತ್ತದೆ.

೩

ಇದೇ ಕಾಲದಲ್ಲಿ ಭೀಮಾತೀರದ ಸೀಮೆಯ ಜೇವರ್ಗಿಯಲ್ಲಿ ಷಣ್ಮುಖಸ್ವಾಮಿಗಳು ವಚನಗಳನ್ನು ರಚಿಸುತ್ತಿದ್ದರು. ತಮ್ಮ ಗುರು ಅಖಂಡೇಶ್ವರರ ಹೆಸರನ್ನೇ ಅವರು ಅಂಕಿತವಾಗಿಟ್ಟುಕೊಂಡರು. ದೊರೆತಿರುವ ಏಳುನೂರಕ್ಕೂ ಹೆಚ್ಚಿನ ವಚನಗಳು ಸ್ಥಲಾನುಕ್ರಮದಲ್ಲಿ ಜೋಡಣೆಗೊಂಡಿವೆ. ಅವರ ಬಾಳಿನ ಅವಧಿಯಲ್ಲಿಯೇ, ೧೬೮೬ರಲ್ಲಿ, ಬಿಜಾಪುರದ ಆದಿಲಶಾಹಿ ರಾಜ್ಯವು ಮೊಗಲರ ವಶವಾಯಿತು. ಇಂಗ್ಲೆಂಡಿನ ಪ್ಯೂರಿಟನ್ನರು ೧೬೪೯ರಲ್ಲಿ ರಾಜನ ಶಿರಚ್ಛೇದ ಮಾಡಿಸಿ ರಾಜ್ಯಾಧಿಕಾರವನ್ನೇ ಕೈಗೆ ತೆಗೆದುಕೊಂಡವರು. ಜೇವರ್ಗಿಯ ಶರಣನಿಗಾಗಲಿ ಅವನ ಸಮುದಾಯಕ್ಕಾಗಲಿ ಅಂಥ ಅಧಿಕಾರದ ಆಸೆಯೂ ಅವಕಾಶವೂ ಇರಲಿಲ್ಲ. ಈ ಭೇದವನ್ನು ನೆನಪಿನಲ್ಲಿಟ್ಟುಕೊಂಡು ಮುಂದುವರಿಯಬೇಕು.

ಷಟ್‌ಸ್ಥಲವೂ ಒಂದು ಬಗೆಯ ಸರಪಳಿಯೇ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ನೆಲೆಗಳಿಗೆ ಕ್ರಮವಾಗಿ ಶ್ರದ್ಧೆ, ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸ ಎಂಬ ಆರು ಬಗೆಯ ಭಕ್ತಿಗಳು. ಭಕ್ತನಲ್ಲಿ ನಂಬಿಕೆ ಮೊಳೆಯುತ್ತದೆ. ಮಹೇಶನಲ್ಲಿ ಅದು ಅನ್ಯದೈವವನ್ನೂ ಪರಧನ ಪರಸತಿಯರನ್ನೂ ಒಲ್ಲದ ವ್ರತವಾಗುತ್ತದೆ. ಪ್ರಸಾದಿಯು ತನಗೆ ಬಂದುದೆಲ್ಲವನ್ನೂ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸುತ್ತಾನೆ. ಪ್ರಾಣಲಿಂಗಿಯಲ್ಲಿ ಹೊರಗಿನ ಲಿಂಗ ಒಳಗಿನ ಪ್ರಾಣದಲ್ಲಿ ನೆಲೆಗೊಳ್ಳುತ್ತದೆ. ಶರಣನಿಗೆ ತಾನೆಂಬುದು ಕರಗುತ್ತದೆ. ಐಕ್ಯದಲ್ಲಿ ಲಿಂಗ–ಅಂಗಗಳ ಸಾಮರಸ್ಯ.

ಪರ್ಕಿನ್ಸನ ಸರಪಳಿಯನ್ನೂ ಈ ಆರು ಸ್ಥಲಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮೊದಲ ಸಾಮ್ಯ ತಿಳಿಯುತ್ತದೆ. ಎರಡೂ ಕಡೆ ಭಕ್ತಿಯೆಂಬುದು ಒಂದು ಗಳಿಗೆಯ ಉದ್ವೇಗವಲ್ಲ. ಅದಕ್ಕೆ ಕ್ರಮವಿದೆ, ಬೆಳವಣಿಗೆಯಿದೆ. ಎರಡೂ ಕಡೆ ಆರಂಭ ಮನುಷ್ಯನದಲ್ಲ: ಒಂದರಲ್ಲಿ ದೇವರ ಕರೆ, ಇನ್ನೊಂದರಲ್ಲಿ ಗುರುಕಾರುಣ್ಯ. ಭೇದವು ಸರಪಳಿಯ ಎರಡು ತುದಿಗಳಲ್ಲಿದೆ. ಪ್ಯೂರಿಟನ್ ಸರಪಳಿಯ ಮೊದಲ ಕೊಂಡಿ ಕೆಲವರನ್ನು ಮಾತ್ರ ಆರಿಸಿಕೊಂಡ ಅನಾದಿಸಂಕಲ್ಪ. ಷಟ್‌ಸ್ಥಲದಲ್ಲಿ ಅಂಥ ವರ್ಜನೆಯ ಸಂಕಲ್ಪವಿಲ್ಲ. ಪ್ಯೂರಿಟನ್ ಸರಪಳಿಯ ಕಡೆಯ ಕೊಂಡಿಯಲ್ಲಿಯೂ ಸೃಷ್ಟಿಕರ್ತ ಸೃಷ್ಟಿಕರ್ತನೇ, ಜೀವ ಜೀವನೇ. ಓವೆನ್ನನ ಕೊಟ್ಟುಕೊಳ್ಳುವಿಕೆಗೆ ಇಬ್ಬರು ಬೇಕೇ ಬೇಕು. ಐಕ್ಯಸ್ಥಲದಲ್ಲಿ ಕೊಡುವವನಾರು ಕೊಳ್ಳುವವನಾರು ಎಂಬ ವಿಂಗಡಣೆಯೇ ನಿಲ್ಲುವುದಿಲ್ಲ. ಈ ಪ್ರಾಂತದಲ್ಲಿ ಶರಣರ ಮರಣವನ್ನು ಇಂದಿಗೂ 'ಲಿಂಗೈಕ್ಯ'ವೆಂದೇ ಹೇಳುತ್ತಾರೆ. ತತ್ತ್ವವೊಂದು ಜನದ ನಿತ್ಯದ ಮಾತಿನಲ್ಲಿ ಉಳಿದುಕೊಂಡ ಬಗೆ ಇದು.

೪

ಸತಿಪತಿಭಾವ ಎರಡು ಪರಂಪರೆಗಳಿಗೂ ಸಾಮಾನ್ಯ. ಶರಣನು ಸತಿ, ಲಿಂಗವು ಪತಿ ಎಂಬ ಭಾವವು ಅಕ್ಕಮಹಾದೇವಿಯಲ್ಲಿ ಮಾತ್ರವಲ್ಲದೆ ಉರಿಲಿಂಗದೇವನಂಥ ಪುರುಷವಚನಕಾರರಲ್ಲಿಯೂ ಕಾಣುತ್ತದೆ. ಷಣ್ಮುಖಸ್ವಾಮಿಗಳಲ್ಲಿ ಅದು ಶರಣಸ್ಥಲದ ಲಕ್ಷಣವಾಗಿಯೇ ಬಂದಿದೆ. ಪ್ಯೂರಿಟನ್ ಬೋಧಕರೂ ಹಳೆಯ ಒಡಂಬಡಿಕೆಯ ಪರಮಗೀತವನ್ನು ಕ್ರಿಸ್ತನಿಗೂ ಅವನ ವಧುವಾದ ಸಭೆಗೂ, ಕ್ರಿಸ್ತನಿಗೂ ಒಂದೊಂದು ಆತ್ಮಕ್ಕೂ ಇರುವ ಪ್ರೇಮವಾಗಿ ವ್ಯಾಖ್ಯಾನಿಸಿದರು. ಸಿಬ್ಸನು ಈ ಗೀತದ ಮೇಲೆ ಮಾಡಿದ ಪ್ರವಚನಗಳು ಅವನ ಮರಣಾನಂತರ ೧೬೩೯ರಲ್ಲಿ ಅಚ್ಚಾದವು. ಹೊಸ ಇಂಗ್ಲೆಂಡಿನ ಗಡ್ಡ ಬಿಟ್ಟ ರೈತನೂ ವ್ಯಾಪಾರಿಯೂ ತಮ್ಮನ್ನು ವಧುವೆಂದು ಭಾವಿಸಿಕೊಳ್ಳಲು ಹಿಂಜರಿಯಲಿಲ್ಲ.

ಆದರೆ ಒಂದೇ ರೂಪಕವು ಎರಡು ಸಮಾಜಗಳಲ್ಲಿ ಒಂದೇ ಅರ್ಥವನ್ನು ಕೊಡಲಾರದು. ಪ್ಯೂರಿಟನ್ನರಿಗೆ ವಿವಾಹವೆಂಬುದು ಸಂಸ್ಕಾರವಲ್ಲ, ಒಪ್ಪಂದ. ಮ್ಯಾಸಚೂಸೆಟ್ಸಿನಲ್ಲಿ ಅದನ್ನು ನೆರವೇರಿಸುತ್ತಿದ್ದವನು ಪಾದ್ರಿಯಲ್ಲ, ನ್ಯಾಯಾಧಿಕಾರಿ. ಎರಡು ಪಕ್ಷಗಳ ಸಮ್ಮತಿ, ಕರ್ತವ್ಯಗಳ ಹಂಚಿಕೆ, ಮುರಿದರೆ ದೋಷ ಇವೆಲ್ಲವೂ ದೈವವಿವಾಹದ ರೂಪಕಕ್ಕೂ ಹರಿದುಬಂದವು. ಶರಣರಲ್ಲಿ ಸತಿಭಾವದ ಸಾರ ಒಪ್ಪಂದವಲ್ಲ, ಅಹಂಕಾರದ ನಿರಸನ. ಪುರುಷನು ತನ್ನ ಪುರುಷತ್ವದ ಗರ್ವವನ್ನು ಕಳೆದುಕೊಳ್ಳುವ ಸಾಧನವದು. ಐಕ್ಯಕ್ಕೆ ಮೊದಲಿನ ಮೆಟ್ಟಿಲು.

ಭರವಸೆಯ ಪ್ರಶ್ನೆಯಲ್ಲಿಯೂ ಹೀಗೆಯೇ. ಪ್ಯೂರಿಟನ್ನನ ಕೈಯಲ್ಲಿ ಗ್ರಂಥವಿತ್ತು. ಶರಣನ ಕರಸ್ಥಲದಲ್ಲಿ ಇಷ್ಟಲಿಂಗವಿತ್ತು. ಇಬ್ಬರೂ ದೇವಾಲಯದ ಮಧ್ಯಸ್ಥಿಕೆಯನ್ನು ತಗ್ಗಿಸಿದವರೇ. ಆದರೆ ಗ್ರಂಥವು ಭಕ್ತನನ್ನು ಪ್ರಶ್ನಿಸುತ್ತದೆ, ಈ ವಾಗ್ದಾನ ನಿನಗೆ ಸಲ್ಲುತ್ತದೆಯೇ ಎಂದು. ಇಷ್ಟಲಿಂಗವು ಗುರುವು ಹಸ್ತದಲ್ಲಿ ಇಟ್ಟುಕೊಟ್ಟ ಕುರುಹು. ಸಂಬಂಧ ಉಂಟೋ ಇಲ್ಲವೋ ಎಂಬ ಸಂದೇಹಕ್ಕೆ ಅಲ್ಲಿ ಎಡೆ ಕಡಿಮೆ. ಶರಣನ ಚಿಂತೆ ಬೇರೆ: ಕುರುಹು ಕೈಯಲ್ಲಿದ್ದೂ ಅರಿವು ಮೂಡದೆ ಹೋದರೆ ಏನು ಫಲ ಎಂಬುದು. ವಚನಗಳಲ್ಲಿನ ಆತ್ಮನಿಂದೆಯೆಲ್ಲ ಈ ಚಿಂತೆಯಿಂದ ಹುಟ್ಟಿದ್ದು. ಆದುದರಿಂದ ವಚನವನ್ನು ಪ್ಯೂರಿಟನ್ ದಿನಚರಿಯೊಡನೆ ಹೋಲಿಸುವಾಗ ಎಚ್ಚರ ಬೇಕು. ದಿನಚರಿ ಗುಟ್ಟಾಗಿ ಬರೆದ ಲೆಕ್ಕದ ಪುಸ್ತಕ. ವಚನ ಶರಣರ ಗೋಷ್ಠಿಯ ಎದುರಿಗೆ ಆಡಿದ ಮಾತು.

೫

ಇನ್ನು ಬ್ರಹ್ಮಪುರಕ್ಕೆ ಬರೋಣ. ಶರಣಬಸವೇಶ್ವರರು ೧೭೪೬ರಲ್ಲಿ ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಒಕ್ಕಲು ಮನೆತನವೊಂದರಲ್ಲಿ ಹುಟ್ಟಿದರು. ೧೮೨೨ರಲ್ಲಿ ಕಲಬುರಗಿಯಲ್ಲಿ ಲಿಂಗೈಕ್ಯರಾದರು. ಈ ಸೀಮೆ ಆಗ ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಸೇರಿತ್ತು. ಅವರ ಚರಿತ್ರೆಗೆ ನಮಗಿರುವ ಆಧಾರಗಳು ಮುಖ್ಯವಾಗಿ ಸಂಪ್ರದಾಯದ ಹೇಳಿಕೆಗಳು ಮತ್ತು ಈ ಭಾಗದ ಹಳ್ಳಿಗಳಲ್ಲಿ ಶ್ರಾವಣಮಾಸದಲ್ಲಿ ಓದಿಸುವ ಪುರಾಣ. ಪುರಾಣದ ಪವಾಡಗಳನ್ನು ಇತಿಹಾಸಕಾರನು ಘಟನೆಗಳೆಂದು ಎಣಿಸಬೇಕಾಗಿಲ್ಲ. ಆದರೆ ಯಾವ ಗುಣವನ್ನು ಜನ ಪವಾಡವೆಂದು ನೆನಪಿನಲ್ಲಿಟ್ಟುಕೊಂಡರು ಎಂಬುದು ಇತಿಹಾಸದ ಸಂಗತಿಯೇ ಆಗಿದೆ. ಹೊಲದ ತೆನೆಗೆ ಬಂದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ನೀರಿಟ್ಟರೆಂದೂ, ಬೆಳೆದುದನ್ನೆಲ್ಲ ಹಸಿದು ಬಂದವರಿಗೆ ನೀಡಿದರೆಂದೂ, ಮಡದಿ ಮಕ್ಕಳು ತೀರಿಕೊಂಡ ಬಳಿಕ ಊರು ಬಿಟ್ಟು ಕಲಬುರಗಿಗೆ ಬಂದು ದಾಸೋಹವನ್ನು ಮುಂದುವರಿಸಿದರೆಂದೂ ಪರಂಪರೆ ಹೇಳುತ್ತದೆ. ಇಲ್ಲಿ ನೆನಪಾಗಿ ಉಳಿದುದು ಶಾಸ್ತ್ರಾರ್ಥವಲ್ಲ, ಅನ್ನ.

ಕಾಯಕ–ದಾಸೋಹಗಳನ್ನು ಪ್ಯೂರಿಟನ್ನರ 'ಕರೆ'ಯ ತತ್ತ್ವದೊಡನೆ ಹೋಲಿಸುವುದು ವಾಡಿಕೆಯಾಗಿದೆ. ಹೋಲಿಕೆಗೆ ಆಧಾರವಿಲ್ಲದಿಲ್ಲ. ಕುರುಬನ ಕೆಲಸವೂ ನ್ಯಾಯಾಧೀಶನ ಕೆಲಸವೂ ದೇವರ ಕರೆಗೆ ವಿಧೇಯವಾಗಿದ್ದರೆ ದೇವರ ದೃಷ್ಟಿಯಲ್ಲಿ ಸಮಾನವೆಂದು ಪರ್ಕಿನ್ಸನು ವಾದಿಸಿದ್ದನು. ಸೋಮಾರಿತನ ಎರಡು ಕಡೆಯೂ ದೋಷ. ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ೧೯೦೪–೦೫ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ದುಡಿಮೆಯ ಶಿಸ್ತೂ ಭೋಗದ ನಿರಾಕರಣೆಯೂ ಸೇರಿ ಬಂಡವಾಳದ ಶೇಖರಣೆಗೆ ದಾರಿಯಾಯಿತೆಂದೂ, ತಾನು ಆರಿಸಲ್ಪಟ್ಟವನೆಂಬ ಕುರುಹಿಗಾಗಿ ಪ್ಯೂರಿಟನ್ನನು ವೃತ್ತಿಯ ಯಶಸ್ಸಿನ ಕಡೆ ನೋಡಿದನೆಂದೂ ಹೇಳಿದ್ದು ಪ್ರಸಿದ್ಧವಾಗಿದೆ. ಆ ವಾದಕ್ಕೆ ಅನೇಕ ಆಕ್ಷೇಪಗಳಿವೆ. ಪ್ಯೂರಿಟನ್ ಬೋಧಕರೇ ಧನಲೋಭವನ್ನು ಕಟುವಾಗಿ ಖಂಡಿಸಿದ್ದಾರೆ. ಬಾಸ್ಟನ್ನಿನ ವರ್ತಕ ರಾಬರ್ಟ್ ಕೇನ್‌ನಿಗೆ ೧೬೩೯ರಲ್ಲಿ ಹೆಚ್ಚಿನ ಲಾಭ ಪಡೆದನೆಂಬ ಕಾರಣಕ್ಕೆ ಸರಕಾರ ದಂಡ ವಿಧಿಸಿತು, ಚರ್ಚು ಛೀಮಾರಿ ಹಾಕಿತು. ಅವನು ಆ ಅಪಮಾನವನ್ನು ಮರೆಯದೆ ೧೬೫೩ರಲ್ಲಿ ಬರೆದ ದೀರ್ಘವಾದ ಮರಣಪತ್ರದಲ್ಲಿ ತನ್ನ ನಡತೆಯನ್ನು ಸಮರ್ಥಿಸಿಕೊಂಡಿದ್ದಾನೆ. ದುಡಿ, ಆದರೆ ಆಸೆಪಡಬೇಡ ಎಂಬ ಬೋಧನೆಯ ನಡುವೆ ಸಿಕ್ಕಿಕೊಂಡ ಮನುಷ್ಯನ ಸಂಕಟ ಆ ಪತ್ರದಲ್ಲಿದೆ.

ದಾಸೋಹವು ಈ ಸಂಕಟಕ್ಕೆ ಬೇರೆ ಪರಿಹಾರವನ್ನು ಸೂಚಿಸುತ್ತದೆ. ಕಾಯಕದ ಫಲ ದುಡಿದವನಲ್ಲಿ ನಿಲ್ಲತಕ್ಕದ್ದಲ್ಲ. ಅದು ಜಂಗಮಕ್ಕೆ, ಎಂದರೆ ಚಲಿಸುವ ದೇವರಾದ ಮನುಷ್ಯರಿಗೆ, ಸಂದು ಪ್ರಸಾದವಾಗಿ ಮರಳಬೇಕು. ಮಿಗುತಾಯವು ಅನುಗ್ರಹದ ಗುರುತಲ್ಲ, ತೀರಿಸಬೇಕಾದ ಸಾಲ. ಪ್ಯೂರಿಟನ್ ದಾನವೂ ಗಣನೀಯವೇ. ಆದರೆ ಅದು ದೇವರು ವಹಿಸಿಕೊಟ್ಟ ಆಸ್ತಿಯ ಪಾರುಪತ್ಯಗಾರನು ಯೋಗ್ಯರನ್ನು ವಿಚಾರಿಸಿ ಕೊಡುವ ದಾನ. ದಾಸೋಹದಲ್ಲಿ ಕೊಡುವವನೇ ದಾಸ. ದೇವರ ಸಂಬಂಧವನ್ನು ಒಳಮನಸ್ಸಿನಲ್ಲಿ ಹುಡುಕುವುದಕ್ಕೂ ಪಂಕ್ತಿಯಲ್ಲಿ ಕುಳಿತವನ ಎಲೆಯಲ್ಲಿ ಹುಡುಕುವುದಕ್ಕೂ ಇರುವ ಅಂತರವಿದು.

೬

ಈ ತುಲನೆಯಲ್ಲಿ ಅತ್ಯಂತ ಕಠಿನವಾದ ಪ್ರಶ್ನೆ ಎರಡನೆಯ ತಲೆಮಾರಿನದು. ಅನುಭವದಿಂದ ಹುಟ್ಟಿದ ಸಂಬಂಧವನ್ನು ಮಕ್ಕಳಿಗೆ ಆಸ್ತಿಯಂತೆ ಕೊಡಬಹುದೇ?

ಮ್ಯಾಸಚೂಸೆಟ್ಸಿನ ಸಭೆಗಳು ೧೬೩೦ರ ದಶಕದಲ್ಲಿ ಒಂದು ನಿಯಮವನ್ನು ರೂಢಿಗೆ ತಂದವು: ಸಭೆಯ ಪೂರ್ಣ ಸದಸ್ಯನಾಗಬೇಕಾದವನು ದೇವರ ಕೃಪೆ ತನ್ನಲ್ಲಿ ಹೇಗೆ ಕೆಲಸಮಾಡಿತೆಂಬುದನ್ನು ಎಲ್ಲರೆದುರು ನಿವೇದಿಸಬೇಕು. ಕೇಂಬ್ರಿಜ್ ಊರಿನ ಪಾದ್ರಿ ಥಾಮಸ್ ಶೆಪರ್ಡನು ಬರೆದಿಟ್ಟ ಅಂಥ ನಿವೇದನೆಗಳಲ್ಲಿ ಮನೆಯಾಳುಗಳ, ಹೆಂಗಸರ ಮಾತುಗಳೂ ಉಳಿದಿವೆ. ಆದರೆ ಒಳಗಿನದನ್ನು ಹೊರಗೆ ಸಾಬೀತುಪಡಿಸುವ ಈ ಪದ್ಧತಿ ಬೇಗನೆ ತೊಡಕಿಗೆ ಸಿಕ್ಕಿತು. ಆನ್ ಹಚಿನ್‌ಸನ್ ಎಂಬ ಮಹಿಳೆ, ಸದಾಚಾರವು ಕೃಪೆಗೆ ಪ್ರಮಾಣವಲ್ಲ, ಆತ್ಮನ ನೇರ ಸಾಕ್ಷಿಯೇ ಪ್ರಮಾಣವೆಂಬ ನಿಲುವಿಗಾಗಿ ೧೬೩೭ರಲ್ಲಿ ವಿಚಾರಣೆಗೆ ಗುರಿಯಾಗಿ ಗಡೀಪಾರಾದಳು. ಅತ್ತ ವಲಸೆಗಾರರ ಮಕ್ಕಳಲ್ಲಿ ಅನೇಕರಿಗೆ ನಿವೇದಿಸಲು ತಕ್ಕ ಅನುಭವವೇ ಆಗಲಿಲ್ಲ. ಅವರ ಮಕ್ಕಳಿಗೆ ದೀಕ್ಷಾಸ್ನಾನ ಕೊಡಬಹುದೇ ಎಂಬ ಪ್ರಶ್ನೆ ಎದ್ದಾಗ ೧೬೬೨ರ ಬಾಸ್ಟನ್ ಸಭೆಯು ಮಧ್ಯಮಾರ್ಗವನ್ನು ಹಿಡಿಯಿತು: ದೀಕ್ಷಾಸ್ನಾನ ಕೊಡಬಹುದು, ಪ್ರಭುಭೋಜನಕ್ಕೆ ಮಾತ್ರ ಸೇರಿಸಕೂಡದು. ವಿರೋಧಿಗಳು ಇದನ್ನು 'ಅರ್ಧ ಒಡಂಬಡಿಕೆ' ಎಂದು ಹಾಸ್ಯಮಾಡಿದರು.

ವೀರಶೈವ–ಲಿಂಗಾಯತ ಪರಂಪರೆಯಲ್ಲಿಯೂ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬಂದಿದೆ. ಅಂತರಂಗದ ಅರಿವಿದ್ದವನಿಗೆ ಹೊರಗಿನ ಕುರುಹು ಬೇಕೇ ಎಂಬ ಚರ್ಚೆಗೆ ಸಿದ್ಧರಾಮನು ನಿದರ್ಶನ. ಅವನ ಇಷ್ಟಲಿಂಗದೀಕ್ಷೆಯ ಸಂಗತಿ ಶೂನ್ಯಸಂಪಾದನೆಯ ವಿವಿಧ ಪರಿಷ್ಕರಣಗಳಲ್ಲಿ ಒಂದೇ ರೀತಿ ಬಂದಿಲ್ಲವೆಂಬುದೇ ಆ ಪ್ರಶ್ನೆ ಎಷ್ಟು ಜೀವಂತವಾಗಿತ್ತೆಂಬುದನ್ನು ತೋರಿಸುತ್ತದೆ. ಜನ್ಮದಿಂದ ಬಂದ ಭೇದವನ್ನು ಅಲ್ಲಗಳೆದು ದೀಕ್ಷೆಯಿಂದ ಕಟ್ಟಿದ ಸಮುದಾಯವು ಕಾಲಕ್ರಮದಲ್ಲಿ ತಾನೇ ಜನ್ಮದಿಂದ ಗುರುತಿಸುವ ಸಮುದಾಯವಾಯಿತು. ಹುಟ್ಟಿದ ಶಿಶುವಿಗೇ ಲಿಂಗಧಾರಣೆ ಮಾಡಿಸುವ ಸಂಪ್ರದಾಯದಲ್ಲಿ ವಾತ್ಸಲ್ಯವೂ ಇದೆ, ಈ ತೊಡಕೂ ಇದೆ. ಸ್ಥಾವರವನ್ನು ಒಲ್ಲದ ಪರಂಪರೆಯ ಶರಣನೊಬ್ಬನ ಗದ್ದುಗೆಯ ಸುತ್ತ ಬ್ರಹ್ಮಪುರದಲ್ಲಿ ದೇವಾಲಯ ಎದ್ದಿತು. ಹೋಳಿಯ ನಂತರದ ಜಾತ್ರೆಗೆ ಪ್ರತಿ ವರ್ಷವೂ ಸಾವಿರಾರು ಜನ ಸೇರಿ ತೇರೆಳೆಯುತ್ತಾರೆ. ಇದನ್ನು ತತ್ತ್ವದ ಪತನವೆಂದು ಕರೆಯುವುದು ಸುಲಭ. ಆದರೆ ಗರ್ಭಗುಡಿಯಲ್ಲಿ ಶರಣಬಸವೇಶ್ವರರ ಮುಖದ ಜೊತೆಗೆ ಅವರ ಗುರು ಮರುಳಾರಾಧ್ಯರ ಮುಖವೂ ಇರುವುದನ್ನು ಗಮನಿಸಿದರೆ, ಅಲ್ಲಿ ಪೂಜೆಗೊಳ್ಳುತ್ತಿರುವುದು ಒಬ್ಬ ವ್ಯಕ್ತಿಯಲ್ಲ, ಗುರುಶಿಷ್ಯಸಂಬಂಧವೆಂದು ತಿಳಿಯುತ್ತದೆ. ಶಿಷ್ಯ ದೊಡ್ಡಪ್ಪ ಶರಣರಿಂದ ಆರಂಭವಾದ ಮಹಾದಾಸೋಹ ಪೀಠವು ಅನ್ನದ ಜೊತೆಗೆ ವಿದ್ಯೆಯನ್ನೂ ದಾಸೋಹಕ್ಕೆ ಸೇರಿಸಿತು; ಅದರ ಶಿಕ್ಷಣಸಂಸ್ಥೆಗಳಿಂದ ೨೦೧೭ರಲ್ಲಿ ಒಂದು ವಿಶ್ವವಿದ್ಯಾಲಯವೂ ಹೊರಹೊಮ್ಮಿತು. ಪ್ಯೂರಿಟನ್ನರು ಕಾಡು ಕಡಿದು ನೆಲೆಸಿದ ಆರು ವರ್ಷಗಳಲ್ಲಿಯೇ, ೧೬೩೬ರಲ್ಲಿ, ಹಾರ್ವರ್ಡ್ ಕಾಲೇಜಿಗೆ ಅಡಿಗಲ್ಲಾದ ನಿರ್ಣಯವನ್ನು ಕೈಗೊಂಡದ್ದು ಇಲ್ಲಿ ನೆನಪಾಗುತ್ತದೆ.

೭

ಪ್ಯೂರಿಟನ್ ಸಾಹಿತ್ಯ ಕನ್ನಡನಾಡಿಗೆ ಬಂದುದು ಬಹಳ ತಡವಾಗಿ. ಬಳ್ಳಾರಿಯಲ್ಲಿ ೧೮೧೦ರಲ್ಲಿ ನೆಲೆಸಿದ ಜಾನ್ ಹ್ಯಾಂಡ್ಸ್ ಲಂಡನ್ ಮಿಷನ್ನಿನವನು. ಆ ಮಿಷನ್ನಿನ ಬಹುಪಾಲು ಬೆಂಬಲಿಗರು ಪ್ಯೂರಿಟನ್ನರ ನೇರ ವಾರಸುದಾರರಾದ ಸ್ವತಂತ್ರ ಸಭೆಗಳವರು. ಇಡೀ ಬೈಬಲಿನ ಕನ್ನಡ ಅನುವಾದ ಬಳ್ಳಾರಿಯಲ್ಲಿ ೧೮೩೧ರ ಹೊತ್ತಿಗೆ ಅಚ್ಚಾಯಿತು. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಬನ್ಯನ್ನನ ಪ್ರಸಿದ್ಧ ಕೃತಿಯನ್ನು 'ಯಾತ್ರಿಕನ ಸಂಚಾರ' ಎಂಬ ಹೆಸರಿನಿಂದ ಆ ಶತಮಾನದ ನಡುಭಾಗದಲ್ಲಿ ಕನ್ನಡಿಗರಿಗೆ ಕೊಟ್ಟರು. ಅದೇ ಕಾಲದಲ್ಲಿ ಮೋಗ್ಲಿಂಗನು ಬಸವಪುರಾಣವನ್ನು ಅಚ್ಚು ಹಾಕಿಸಿದನು. ಕಲಬುರಗಿ–ಬೀದರ ಸೀಮೆಗಳಲ್ಲಿ ಕೆಲಸಮಾಡಿದ ಮೆಥಡಿಸ್ಟ್ ಮಿಷನ್ನಿನ ಮೂಲಪುರುಷ ಜಾನ್ ವೆಸ್ಲಿಯ ಇಬ್ಬರು ಅಜ್ಜಂದಿರೂ ೧೬೬೨ರಲ್ಲಿ ಪ್ಯೂರಿಟನ್ ನಿಷ್ಠೆಗಾಗಿ ಪಾದ್ರಿಪದವಿಯನ್ನು ಕಳೆದುಕೊಂಡವರು.

ಈ ಅನುವಾದಗಳ ಪರಿಭಾಷೆ ಗಮನಾರ್ಹ. ಕ್ರೈಸ್ತ ಸಂಸ್ಕಾರಕ್ಕೆ 'ದೀಕ್ಷಾಸ್ನಾನ'ವೆಂಬ ಹೆಸರು ಬಂದಾಗ 'ದೀಕ್ಷೆ'ಯ ಹಿಂದಿದ್ದ ಗುರುಶಿಷ್ಯಪರಂಪರೆಯ ಅರ್ಥಗಳೆಲ್ಲ ಅದರೊಡನೆ ಬಂದವು. 'ಒಡಂಬಡಿಕೆ' ಎಂಬ ಮಾತು ಮಾತ್ರ ದೇವರ ವಿಷಯದಲ್ಲಿ ಕನ್ನಡ ಕಿವಿಗೆ ಹೊಸದು. ಒಕ್ಕಲಿಗನು ಸಾಹುಕಾರನೊಡನೆ ಮಾಡಿಕೊಳ್ಳುವ ಒಪ್ಪಂದದ ಮಾತು ದೇವರಿಗೂ ಸಲ್ಲುವುದೇ ಎಂಬ ಆಶ್ಚರ್ಯ ಮೊದಲ ಓದುಗರಿಗೆ ಆಗಿರಬೇಕು. ಶರಣಸಾಹಿತ್ಯದಲ್ಲಿ ದೇವರು ಬಿಡದೆ ಕಾಡುವವನು, ಒರೆಗೆ ಹಚ್ಚಿ ನೋಡುವವನು, ಒಲಿಯುವವನು, ಕರಾರು ಬರೆದುಕೊಡುವವನಲ್ಲ.

ಮೇಲಿನ ಪರಿಶೀಲನೆಯಿಂದ ಮೂರು ಅಂಶಗಳನ್ನು ನಿರ್ಣಯಿಸಬಹುದು. ಒಂದು, ಭಕ್ತಿಗೆ ಕ್ರಮವಿದೆ, ಆರಂಭ ಕೃಪೆಯಿಂದ, ದುಡಿಮೆ ಪೂಜ್ಯ ಎಂಬಲ್ಲಿ ಎರಡು ಪರಂಪರೆಗಳೂ ಸಮೀಪವಾಗಿವೆ. ಎರಡು, ದೇವರು ಕಡೆಯವರೆಗೂ ಬೇರೆಯಾಗಿಯೇ ಉಳಿಯುವನೋ ಇಲ್ಲವೋ ಎಂಬ ಮೂಲಭೇದದಿಂದಲೇ ವಿವಾಹರೂಪಕ, ಆತ್ಮಪರೀಕ್ಷೆ, ಸಂಪತ್ತಿನ ವಿನಿಯೋಗ ಇವುಗಳಲ್ಲಿನ ಭೇದಗಳು ಹೊರಟಿವೆ. ಮೂರು, ಅನುಭವವನ್ನು ಸಂಸ್ಥೆಯಾಗಿಸುವ ಕಷ್ಟವನ್ನು ಇಬ್ಬರೂ ಸಮನಾಗಿ ಅನುಭವಿಸಿದರು, ಇಬ್ಬರೂ ಪೂರ್ಣವಾಗಿ ಗೆಲ್ಲಲಿಲ್ಲ. ಹೊಸ ಇಂಗ್ಲೆಂಡಿನ ಸಭೆಗಳ ದಾಖಲೆಗಳನ್ನು ಅಲ್ಲಿಯ ವಿದ್ವಾಂಸರು ಊರೂರಿನ ಮಟ್ಟದಲ್ಲಿ ಶೋಧಿಸಿ ಪ್ರಕಟಿಸಿದ್ದಾರೆ. ಜೇವರ್ಗಿ, ಅರಳಗುಂಡಗಿ, ಬ್ರಹ್ಮಪುರಗಳ ಪುರಾಣಪಾಠಗಳನ್ನೂ ಹಾಡುಗಳನ್ನೂ ಮೌಖಿಕ ಸಂಪ್ರದಾಯವನ್ನೂ ಅದೇ ಶ್ರದ್ಧೆಯಿಂದ ಸಂಗ್ರಹಿಸುವ ಕಾರ್ಯ ಈ ಪ್ರಾಂತದ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸೇರಿದ್ದು.